ದೇವರು ಬರೋದು ಸಂಜೆಗೆ

ಕೇಳುಗರೇ, ನಮಸ್ಕಾರ. ಜಪಾನಿನ ಬೇಸಿಗೆ ಹಬ್ಬ ಅಂದರೆ ಕ್ಯೋಟೋ ಊರಿನ ಗಿಯೋನ್ ಹಬ್ಬದ ತೇರುಗಳ ಫೋಟೋಗಳನ್ನು ನೀವು ನೋಡಿಯೇ ಇರುತ್ತೀರಿ. ಇವತ್ತು ನಾನು ಹೇಳುವುದು ಒಂದೇ ಮಾತು. ಈ ಹಬ್ಬ ಅಲ್ಲಿನ ಯಾಸಕಾ ಗುಡಿಯದು, ಆದರೆ ಆ ಗುಡಿಯ ದೇವರು ಆ ತೇರುಗಳಲ್ಲಿ ಇರುವುದಿಲ್ಲ. ದೇವರು ಬರುವುದು ಸಂಜೆಗೆ, ಪಲ್ಲಕ್ಕಿಯಲ್ಲಿ.

ನಮ್ಮಲ್ಲಿ ತೇರಿನೊಳಗೆ ಉತ್ಸವಮೂರ್ತಿ ಕೂತಿರುತ್ತದೆ, ಅದಕ್ಕೇ ಅಲ್ಲೂ ಹಾಗೇ ಅಂದುಕೊಂಡುಬಿಡುತ್ತೇವೆ. ಅಲ್ಲಿ ಜುಲೈ 17ರ ಬೆಳಗ್ಗೆ ಹೊರಡುವ 23 ತೇರುಗಳ ಕೆಲಸವೇ ಬೇರೆ. ಬೀದಿಯಲ್ಲಿರುವ ರೋಗರುಜಿನ, ಕೆಟ್ಟದ್ದನ್ನೆಲ್ಲ ತಮ್ಮ ಕಡೆ ಎಳೆದುಕೊಂಡು ದೇವರ ದಾರಿ ಶುದ್ಧ ಮಾಡಬೇಕು. ಎಳೆದುಕೊಂಡದ್ದು ಮತ್ತೆ ಊರಿಗೆ ಹರಡಬಾರದು ಅಂತಲೇ ಮೆರವಣಿಗೆ ಮುಗಿದ ಕೂಡಲೇ ತೇರುಗಳನ್ನು ಬಿಚ್ಚಿಬಿಡುತ್ತಾರೆ.

ಇದು ಮೋಜಿಗೆ ಹುಟ್ಟಿದ ಹಬ್ಬ ಅಲ್ಲ. ಕ್ಯೋಟೋದಲ್ಲಿ ಜುಲೈ ಅಂದರೆ ಮಳೆ, ಮೈಯೆಲ್ಲ ಅಂಟುವ ಸೆಕೆ, ಹಿಂದಿನ ಕಾಲದಲ್ಲಿ ಅದರ ಹಿಂದೆಯೇ ಕಾಯಿಲೆ. 869ರಲ್ಲಿ ಪಿಡುಗು ಹಬ್ಬಿದಾಗ ದೇಶದ 66 ಪ್ರಾಂತ್ಯಗಳ ಲೆಕ್ಕಕ್ಕೆ 66 ಭರ್ಜಿ ನೆಟ್ಟು, ಯಾಸಕಾ ಗುಡಿಯಿಂದ ಪಲ್ಲಕ್ಕಿ ಕಳಿಸಿ ಪೂಜೆ ಮಾಡಿದರು. ಶುರುವಾದದ್ದು ಹಾಗೆ.

ತೇರು ನೋಡಬೇಡಿ ಅಂತ ನಾನು ಹೇಳುತ್ತಿಲ್ಲ, ಖಂಡಿತ ನೋಡಿ. ಮೊಳೆ ಹೊಡೆಯದೆ ಬರೀ ಹುಲ್ಲಿನ ಹಗ್ಗದಲ್ಲಿ ಬಿಗಿದು ಕಟ್ಟಿರುತ್ತಾರೆ, ದೊಡ್ಡವು 12 ಟನ್ ತೂಗುತ್ತವೆ. ಚಕ್ರ ಪಕ್ಕಕ್ಕೆ ತಿರುಗುವುದೇ ಇಲ್ಲ, ಹಾಗಾಗಿ ಮೂಲೆ ಬಂದಾಗ ಚಕ್ರದ ಕೆಳಗೆ ಸೀಳಿದ ಬಿದಿರು ಹಾಸಿ, ನೀರು ಸುರಿದು, ಅಡ್ಡಕ್ಕೆ ಹಗ್ಗ ಹಾಕಿ ಎಲ್ಲರೂ ಒಟ್ಟಿಗೆ ಜಗ್ಗಿ ಜಾರಿಸುತ್ತಾರೆ. ಒಂದೇ ಸಲಕ್ಕೆ ಆಗಲ್ಲ, ಎರಡು ಮೂರು ಎಳೆತ ಬೇಕು. ಜನ ಚಪ್ಪಾಳೆ ಹೊಡೆಯುತ್ತಾರೆ, ಫೋಟೋ ತೆಗೆಯುತ್ತಾರೆ, ಆಮೇಲೆ ಸೀದಾ ಹೋಟೆಲಿಗೆ! ನನಗೆ ತಡೆಯೋಕಾಗದ್ದು ಇದೇ.

ಒಮ್ಮೆ ಬೆಂಗಳೂರಿನಿಂದ ಬಂದಿದ್ದ ಒಂದು ಕುಟುಂಬದ ಜೊತೆಗಿದ್ದೆ. ಮಧ್ಯಾಹ್ನಕ್ಕೇ ಎಲ್ಲರೂ ಸುಸ್ತು, ರೈಲು ಹತ್ತೋಣ ಅಂದರು. ನಾನು ಬಿಡಲಿಲ್ಲ. ಸಂಜೆ ಆರರ ಹೊತ್ತಿಗೆ ಯಾಸಕಾ ಗುಡಿಯ ಪಶ್ಚಿಮದ ಮೆಟ್ಟಿಲ ಹತ್ತಿರ ನಿಲ್ಲಿಸಿದೆ. ಮೂರು ಪಲ್ಲಕ್ಕಿ ಬಂದವು, ಒಂದೊಂದು ಸುಮಾರು ಎರಡು ಟನ್. ಬಿಳಿ ಅಂಗಿ ತೊಟ್ಟ ನೂರಾರು ಜನ, 'ಹೊಯಿತ್ತೊ, ಹೊಯಿತ್ತೊ' ಅಂತ ಕೂಗು, ದಂಡಿಗೆಗೆ ಹಾಕಿದ ಲೋಹದ ಬಳೆಗಳು ಹೆಜ್ಜೆಹೆಜ್ಜೆಗೂ ಝಲ್ಲೆನ್ನುತ್ತವೆ. ರಸ್ತೆ ಮಧ್ಯೆ ಪಲ್ಲಕ್ಕಿಯನ್ನು ತಲೆಗಿಂತ ಎತ್ತರಕ್ಕೆ ಎತ್ತಿ, ಹಾಗೇ ಹಿಡಿದುಕೊಂಡೇ ಗರಗರ ಸುತ್ತಿಸಿದರು. ಆ ಮನೆಯ ಹಿರಿಯಮ್ಮ ನನ್ನ ತೋಳು ಹಿಡಿದು, "ಅಲ್ಲಪ್ಪಾ, ಹಾಗಾದ್ರೆ ಬೆಳಗ್ಗೆ ನೋಡಿದ್ದು ಏನು?" ಅಂದರು. "ದಾರಿ ಗುಡಿಸಿದ್ದು ಅಮ್ಮ, ದೇವರು ಬಂದಿದ್ದು ಈಗ" ಅಂದೆ. ಆಮೇಲೆ ಅವರನ್ನು ಅಲ್ಲಿಂದ ಕದಲಿಸೋಕೇ ಆಗಲಿಲ್ಲ.

ಇನ್ನೂ ಅನುಮಾನ ಇದ್ದರೆ 2020 ನೋಡಿ. ಕೊರೋನಾ ಅಂತ ತೇರಿನ ಮೆರವಣಿಗೆ ನಿಂತಿತು, ಪಲ್ಲಕ್ಕಿ ಹೊರೋಕೂ ಆಗಲಿಲ್ಲ. ದೇವರ ಪಯಣವನ್ನು ಮಾತ್ರ ಬಿಡಲಿಲ್ಲ. ಬಿಳಿ ಕುದುರೆಯ ಮೇಲೆ ಸಕಾಕಿ ಮರದ ಕೊಂಬೆ ಇಟ್ಟು, ಅದರಲ್ಲಿ ದೇವರನ್ನು ಆವಾಹಿಸಿ ನಡೆಸಿಕೊಂಡು ಹೋದರು.

ಹೇಳೋದು ಜಾಸ್ತಿ ಇತ್ತು, ಸಮಯ ಇಲ್ಲ. ತೇರಿನ ಹತ್ತಿರ ಚಿಮಾಕಿ ಅಂತ ಬಿದಿರೆಲೆಯ ಕಟ್ಟು ಮಾರುತ್ತಾರೆ, ತಿನ್ನೋದಲ್ಲ, ಕಾಯಿಲೆ ಬರದಿರಲಿ ಅಂತ ವರ್ಷವಿಡೀ ಬಾಗಿಲಿಗೆ ತೂಗುಹಾಕೋದು. ದೇವರು ಒಂದು ವಾರ ಶಿಜೋ ಬೀದಿಯ ತಂಗುಗುಡಿಯಲ್ಲಿದ್ದು 24ರ ರಾತ್ರಿ ವಾಪಸ್ ಹೋಗುತ್ತಾರೆ, ಅವತ್ತು ಬೆಳಗ್ಗೆ ಮತ್ತೆ 11 ತೇರು. ಹೋಗುವವರು ದಯವಿಟ್ಟು 17ರ ರಾತ್ರಿ ಕ್ಯೋಟೋದಲ್ಲೇ ಉಳಿಯುವ ಹಾಗೆ ಟಿಕೆಟ್ ಮಾಡಿಸಿ. ನಮಸ್ಕಾರ.