ಹುಡುಗರನ್ನು ಎಳ್ಕೊಳ್ಳೋದು ಬಿಡಿ, ಸೇರಿ ಕಲಿಸಿ

ನಮಸ್ಕಾರ. ಬಳ್ಳಾರಿಯ ಜೀನ್ಸ್ ಘಟಕದವರು, ಗಂಗಾವತಿ, ಸಿಂಧನೂರಿನ ರೈಸ್ ಮಿಲ್‌ನವರು, ರಾಯಚೂರಿನ ಹತ್ತಿ ಜಿನ್ನಿಂಗ್‌ನವರು, ಈ ಹೊತ್ತಿಗೆ ದಿನದ ಲೆಕ್ಕ ನೋಡ್ತಾ ರೇಡಿಯೋ ಹಚ್ಚಿರುತ್ತೀರಿ ಅಂದುಕೊಂಡಿದ್ದೇನೆ. ನಿಮಗೇ ಈ ಮಾತು.

'ಕೆಲಸಕ್ಕೆ ಜನ ಸಿಗಲ್ಲ' ಅಂತೀರಿ. ನಾನೂ ಎಷ್ಟೋ ವರ್ಷ ಹಾಗೇ ಅಂದವನು. ಜನ ಇದ್ದಾರೆ ಸಾವ್ಕಾರ್ರೇ, ಕಲಿತವರಿಲ್ಲ. ಕಲಿಸೋಕೆ ನಮಗೆ ಭಯ. ಕಲಿಸಿದ ಮೇಲೆ ಪಕ್ಕದವರು ಎಳ್ಕೊಂಡು ಹೋದರೆ? ಅದಕ್ಕೇ ಹೇಳೋದು, ಮಾಲೀಕರ ಸಂಘದಲ್ಲಿ ಕೂತು ಸೇರಿ ಕಲಿಸಿ.

ನನ್ನದೇ ಕತೆ ಕೇಳಿ. ನಮ್ಮ ಜೀನ್ಸ್ ಘಟಕಕ್ಕೆ ಒಬ್ಬ ಹುಡುಗ ಬಂದ. ಫೀಡ್ ಆಫ್ ಮೆಷಿನ್ ಗೊತ್ತಲ್ವಾ, ಪ್ಯಾಂಟಿನ ಕಾಲು ಕೊಳವೆ ಥರ ಸುತ್ತಿಸಿ ಹೊಲಿಯೋದು? ಅದರ ಮೇಲೆ ಕೂರಿಸಿದೆ. ಎರಡು ತಿಂಗಳು ಸೂಜಿ ಮುರಿದ, ಬಟ್ಟೆ ಹಾಳು ಮಾಡಿದ, ನಾನು ಬೈದೆ, ನನ್ನ ಹೆಂಡತಿ ಅವನಿಗೆ ಚಹಾ ಕೊಟ್ಟಳು. ಹೊಲಿಗೆ ನೆಟ್ಟಗೆ ಬಂದ ವಾರವೇ, ಪೀಸಿಗೆ ಒಂದು ರೂಪಾಯಿ ಜಾಸ್ತಿ ಅಂತ ಹಿಂದಿನ ಗಲ್ಲಿಯ ಘಟಕಕ್ಕೆ ಹೋದ. ನಾನು ಬಿಡ್ತೀನಾ? ಅವರ ಕಟಿಂಗ್ ಮಾಸ್ಟರನ್ನು ನಾನು ಎಳ್ಕೊಂಡೆ. ಅವರು ನಮ್ಮಲ್ಲಿ ಗುಂಡಿ ಕಾಜಾ ಹೊಲಿಯೋ ಹುಡುಗಿಯನ್ನು ಎಳ್ಕೊಂಡರು. ಹೀಗೆ ಆರು ತಿಂಗಳು. ರೇಟು ಏರಿತು, ಕೆಲಸ ಮಾತ್ರ ಇದ್ದಲ್ಲೇ ಇತ್ತು.

ಒಂದು ಸಂಜೆ ಕರೆಂಟ್ ಹೋಗಿತ್ತು. ಚಹಾ ಅಂಗಡಿಯಲ್ಲಿ ಆ ಹುಡುಗ ಸಿಕ್ಕ. ಚೆನ್ನಾಗಿದ್ದೀಯೇನೋ ಅಂದೆ. 'ಏನ್ ಚೆನ್ನಾಗಣ್ಣಾ, ಲೂಪರ್‌ಗೆ ದಾರ ಪೋಣಿಸೋದು ನೀವೂ ಕಲಿಸ್ಲಿಲ್ಲ, ಅವರೂ ಕಲಿಸ್ಲಿಲ್ಲ. ದಾರ ಕಟ್ಟಾದ್ರೆ ಮೆಕ್ಯಾನಿಕ್ ಬರೋವರೆಗೂ ಕುಂತಿರ್ತೀನಿ. ಕುಂತ್ರೆ ಕೂಲಿ ಇಲ್ಲ' ಅಂದ. ಲೂಪರ್ ಅಂದರೆ ಮೆಷಿನ್ ಒಳಗೆ ಕೆಳಗಿನ ದಾರ ಹಿಡಿಯೋ ಕೊಕ್ಕೆ. ಪೀಸ್ ಲೆಕ್ಕ ನೋಡಿ. ನಮ್ಮಿಬ್ಬರ ಜಗಳದಲ್ಲಿ ಅವನ ಒಂದೊಂದು ಗಂಟೆ ಹಾಗೆ ಹೋಗ್ತಿತ್ತು, ನಮ್ಮ ಆರ್ಡರೂ ಅದರ ಜೊತೆಗೇ.

ಆಮೇಲೆ ಎಂಟು ಮಾಲೀಕರು ಸಂಘದಲ್ಲಿ ಕೂತೆವು. ಹಳೇ ಫೀಡ್ ಆಫ್ ಒಂದನ್ನು ಸಂಘದ ಕೋಣೆಯಲ್ಲಿ ಇಟ್ಟೆವು, ವಯಸ್ಸಾದ ಮೆಕ್ಯಾನಿಕ್ ಒಬ್ಬರನ್ನು ಸಂಜೆ ಹೊತ್ತು ಕರೆದೆವು, ಖರ್ಚು ಎಂಟು ಪಾಲು. ಯಾರ ಹುಡುಗ ಯಾರಲ್ಲಿಗೆ ಹೋದರೂ ಕಲಿತವನೇ ಹೋಗ್ತಾನೆ, ಕಲಿತವನೇ ಬರ್ತಾನೆ. ಹಿಂದಿನ ಗಲ್ಲಿಯವರು ಮೊದಲ ತಿಂಗಳ ಪಾಲು ಕೊಡೋಕೆ ಸತಾಯಿಸಿದರು, ಅದು ಬೇರೆ ಮಾತು.

ಕತೆಯಲ್ಲೇ ಹೊತ್ತು ಹೋಯ್ತು. ಉಳಿದದ್ದು ಬೇಗ ಹೇಳ್ತೀನಿ. 1961ರ ಅಪ್ರೆಂಟಿಸ್ ಕಾಯ್ದೆ ಇದೆ. ಅಪ್ರೆಂಟಿಸ್ ಅಂದರೆ ಘಟಕದಲ್ಲೇ ಕೆಲಸ ಮಾಡ್ತಾ ಕಲಿಯೋರು. 30 ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಘಟಕ ಅಪ್ರೆಂಟಿಸ್‌ಗಳನ್ನು ತಗೊಳ್ಳಲೇಬೇಕು. ಚಿಕ್ಕ ಘಟಕದವರು, 4 ಜನ ಇದ್ದರೂ ತಗೋಬಹುದು. ಹಲವು ಮಾಲೀಕರು ಸೇರಿ, ಹುಡುಗರನ್ನು ಒಂದು ಘಟಕದಿಂದ ಇನ್ನೊಂದಕ್ಕೆ ಕಳಿಸ್ತಾ ಕಲಿಸಬಹುದು ಅಂತ ಅದೇ ಕಾಯ್ದೆ ಹೇಳುತ್ತೆ. ಎಷ್ಟು ಜನ ಓದಿದ್ದೀರಿ? 2016ರಲ್ಲಿ ಶುರುವಾದ ಕೇಂದ್ರದ ಅಪ್ರೆಂಟಿಸ್ ಯೋಜನೆಯಲ್ಲಿ ಸ್ಟೈಪೆಂಡಿನ, ಅಂದರೆ ಕಲಿಯೋರಿಗೆ ತಿಂಗಳಿಗೆ ಕೊಡೋ ಹಣದ, ಕಾಲು ಭಾಗ, ತಿಂಗಳಿಗೆ 1,500 ರೂಪಾಯಿವರೆಗೆ, ಸರ್ಕಾರವೇ ಕೊಡುತ್ತೆ. ಅರ್ಜಿ, ಪೋರ್ಟಲ್ ಅಂತ ಒಬ್ಬೊಬ್ಬರೇ ಒದ್ದಾಡೋ ಬದಲು ಸಂಘದಲ್ಲಿ ಒಬ್ಬ ಗುಮಾಸ್ತ ಇದ್ದರೆ ಸಾಕು.

ಇನ್ನು ಐಟಿಐ. ಪ್ರಿನ್ಸಿಪಾಲರು 'ಎಂಥವರು ಬೇಕು' ಅಂತ ಕೇಳಿದರೆ ನಾವು 'ಒಳ್ಳೇ ಹುಡುಗರನ್ನ ಕಳಿಸಿ ಸರ್' ಅಂತೀವಿ. ಇದೇನು ಉತ್ತರ? ಇಂಥ ಮೆಷಿನ್‌ಗೆ ಇಷ್ಟು ಜನ, ಇಂಥ ತಿಂಗಳಿಗೆ ಅಂತ ಹೇಳಬೇಕು. ಒಬ್ಬರೇ ಹೋದರೆ ಇಬ್ಬರು ಬೇಕು ಅಂತೀರಿ, ಇಬ್ಬರಿಗಾಗಿ ಅವರು ಯಾಕೆ ಪಾಠ ಬದಲಿಸ್ತಾರೆ? ಎಲ್ಲರ ಲೆಕ್ಕ ಕೂಡಿಸಿ ಸಂಘ ಹೋದರೆ ಕುರ್ಚಿ ಹಾಕಿ ಕೂರಿಸ್ತಾರೆ.



ಮುಂದಿನ ಸಭೆಗೆ ಬರುವಾಗ ಸುಮ್ನೆ ಬರಬೇಡಿ. ಒಂದು ಚೀಟಿ ತನ್ನಿ. ದೀಪಾವಳಿ ಸೀಸನ್‌ಗೆ ಯಾವ ಮೆಷಿನ್‌ಗೆ ಎಷ್ಟು ಜನ ಬೇಕು, ಅಷ್ಟೇ ಬರೀರಿ. ಘಟಕದ ಹೆಸರು ಬೇಡ, ಯಾರ ಗುಟ್ಟೂ ಯಾರಿಗೂ ಗೊತ್ತಾಗಲ್ಲ. ನಮಸ್ಕಾರ.