ಹಲ್ಲು ತೋರಿಸಲು ಹೋಗುವ ಮುನ್ನ: ರಬ್ಬರ್ ಅಲರ್ಜಿ ಇದ್ದವರು ಹೇಳಬೇಕಾದ ಮಾತು

ದಾವಣಗೆರೆಯ ಬಂಧುಗಳಿಗೆ ನಮಸ್ಕಾರ. ಎರಡು ಡೆಂಟಲ್ ಕಾಲೇಜುಗಳಿರುವ ಊರು ನಮ್ಮದು. ಸುತ್ತಲಿನ ಹಳ್ಳಿಯವರೂ ಹಲ್ಲು ತೋರಿಸಲು ಇಲ್ಲಿಗೇ ಬರುತ್ತಾರೆ. "ಅಲರ್ಜಿ ಏನಾದರೂ ಇದೆಯಾ?" ಎಂದು ಕೇಳಿದರೆ ಮಾತ್ರೆ, ಇಂಜೆಕ್ಷನ್ ನೆನೆಸಿಕೊಂಡು "ಏನಿಲ್ಲ ಸರ್" ಅಂದುಬಿಡುತ್ತೇವೆ. ರಬ್ಬರ್ ನೆನಪಿಗೇ ಬರುವುದಿಲ್ಲ.

ಲೇಟೆಕ್ಸ್ ಎಂದರೆ ರಬ್ಬರ್ ಮರದ ಹಾಲು; ಡಾಕ್ಟರು ಹಾಕುವ ಹಲವು ಗ್ಲೌಸುಗಳು ಅದರದ್ದೇ. ಗ್ಲೌಸ್ ತಾಗಿ ಆಗುವ ತೊಂದರೆಗಳೆಲ್ಲ ಒಂದೇ ಅಲ್ಲ. ಬೆವರಿ, ಉಜ್ಜಿ ಚರ್ಮ ಒರಟಾಗುವುದು ಅಲರ್ಜಿಯೇ ಅಲ್ಲ. ಚಿಕಿತ್ಸೆಯಾಗಿ ಒಂದೆರಡು ದಿನದ ಮೇಲೆ ತುಟಿ ಸುತ್ತ ಕೆಂಪಾಗಿ ನೀರುಗುಳ್ಳೆ ಎದ್ದರೆ, ಅದು ರಬ್ಬರ್ ತಯಾರಿಕೆಯಲ್ಲಿ ಬೆರೆಸುವ ಥೈರಾಮ್‌ನಂಥ ರಾಸಾಯನಿಕಗಳ ಅಲರ್ಜಿ. ಜೀವಕ್ಕೆ ಅಪಾಯವಿಲ್ಲ. ಆದರೆ ಅಂಥ ರಾಸಾಯನಿಕಗಳು ಹಲವು ನೈಟ್ರೈಲ್ (ಕೃತಕ ರಬ್ಬರ್) ಗ್ಲೌಸುಗಳಲ್ಲೂ ಇರುವುದರಿಂದ, ಗ್ಲೌಸ್ ಬದಲಿಸಿದರೂ ಕೆಲವರಿಗೆ ನಿಲ್ಲುವುದಿಲ್ಲ. ನಿಜವಾಗಿ ಹೆದರಬೇಕಾದದ್ದು ರಬ್ಬರ್ ಹಾಲಿನ ಪ್ರೋಟೀನಿನ ಅಲರ್ಜಿಗೆ. ಕೆಲವೇ ನಿಮಿಷಗಳಲ್ಲಿ ಪಿತ್ತದ ಗಂಧೆ ಏಳುತ್ತದೆ, ತುಟಿ, ಕಣ್ಣು ಊದಿಕೊಳ್ಳುತ್ತವೆ, ಉಬ್ಬಸ ಬರುತ್ತದೆ, ಬಿಪಿ ಕುಸಿಯಬಹುದು.

ನಿಮಗಿದೆಯೋ ಎಂಬ ಸುಳಿವು ಮನೆಯಲ್ಲೇ ಸಿಗುತ್ತದೆ. ಬಲೂನ್ ಊದಿದಾಗ ತುಟಿ ಊದಿದೆಯೇ? ರಬ್ಬರ್ ಗ್ಲೌಸ್ ಹಾಕಿದ ಕೂಡಲೇ ಕೈ ತುರಿಸಿದೆಯೇ? ಬಾಳೆಹಣ್ಣು, ಪಪ್ಪಾಯಿ, ಬೆಣ್ಣೆಹಣ್ಣು, ಕಿವಿಹಣ್ಣು ತಿಂದರೆ ಬಾಯಿ ಕಡಿಯುತ್ತದೆಯೇ? ಈ ಹಣ್ಣುಗಳ ಕೆಲವು ಪ್ರೋಟೀನುಗಳು ರಬ್ಬರಿನದನ್ನೇ ಹೋಲುತ್ತವೆ. ಹಾಗೆಂದು ಬಾಳೆಹಣ್ಣು ತಿನ್ನುವವರೆಲ್ಲ ಗಾಬರಿಯಾಗಬೇಡಿ. ತಿಂದು ಕಡಿತ ಬಂದವರು ಮಾತ್ರ ಹೇಳಿ. ಚಿಕ್ಕಂದಿನಿಂದ ಪದೇಪದೇ ಆಪರೇಷನ್ ಆದವರು, ಅದರಲ್ಲೂ ಬೆನ್ನುಹುರಿಯ ದೋಷದೊಂದಿಗೆ ಹುಟ್ಟಿದ ಮಕ್ಕಳು, ಜೊತೆಗೆ ನರ್ಸುಗಳು, ರಬ್ಬರ್ ಕಾರ್ಖಾನೆಯವರು ಹೆಚ್ಚು ಎಚ್ಚರವಿರಬೇಕು. ಅನುಮಾನವಿದ್ದರೆ ಅಲರ್ಜಿ ತಜ್ಞರು ರಕ್ತದಲ್ಲಿ ಐಜಿಇ (ಅಲರ್ಜಿಗೆ ಕಾರಣವಾಗುವ ಪ್ರತಿಕಾಯ) ಪರೀಕ್ಷೆ ಅಥವಾ ಚರ್ಮದ ಚುಚ್ಚು ಪರೀಕ್ಷೆ ಮಾಡಿಸುತ್ತಾರೆ. ತಡವಾಗಿ ಏಳುವ ಗುಳ್ಳೆಗೆ ಚರ್ಮಕ್ಕೆ ಪಟ್ಟಿ ಅಂಟಿಸಿ ನೋಡುವ ಪ್ಯಾಚ್ ಪರೀಕ್ಷೆ ಬೇರೆ.

ಈಗ ಮುಖ್ಯ ವಿಷಯ. ಈ ಮಾತನ್ನು ಕುರ್ಚಿಯಲ್ಲಿ ಕೂತ ಮೇಲೆ ಹೇಳಬೇಡಿ, ಅಪಾಯಿಂಟ್‌ಮೆಂಟ್ ಕೇಳುವಾಗ ಫೋನಿನಲ್ಲೇ ಹೇಳಿ. ಪೌಡರ್ ಹಚ್ಚಿದ ಗ್ಲೌಸ್ ಎಳೆದು ಬಿಚ್ಚಿದಾಗ ಆ ಪುಡಿಗೆ ಅಂಟಿದ ಪ್ರೋಟೀನ್ ಗಾಳಿಯಲ್ಲಿ ತೇಲುತ್ತದೆ; ಉಸಿರಾಡಿದರೂ ಸಾಕು, ಉಬ್ಬಸ ಬರಬಹುದು. ಅಮೆರಿಕ 2017ರಲ್ಲಿ ಪೌಡರ್ ಗ್ಲೌಸ್ ನಿಷೇಧಿಸಿದ್ದಕ್ಕೆ ಇದೂ ಒಂದು ಕಾರಣ. ಹಾಗಾಗಿ ದಿನದ ಮೊದಲ ರೋಗಿಯಾಗಿ ಬೆಳಿಗ್ಗೆಯೇ ಸಮಯ ಕೇಳಿ.

ಗ್ಲೌಸ್ ಒಂದನ್ನೇ ಬದಲಿಸಿದರೆ ಸಾಲದು. ರೂಟ್ ಕೆನಾಲಿನಲ್ಲಿ ಹಲ್ಲಿನ ಸುತ್ತ ಹಿಡಿಸುವ ರಬ್ಬರ್ ಡ್ಯಾಮ್ ಎಂಬ ಹಾಳೆ, ಹಲ್ಲು ಪಾಲಿಶ್ ಮಾಡುವ ಕಪ್, ಕ್ಲಿಪ್ಪಿನ ಎಲಾಸ್ಟಿಕ್, ಬಾಯಿ ತೆರೆದಿಡುವ ಬ್ಲಾಕ್, ಬಿಪಿ ಪಟ್ಟಿ, ಮರಗಟ್ಟಿಸುವ ಔಷಧದ ಬಾಟಲಿಯ ರಬ್ಬರ್ ಮುಚ್ಚಳ, ಇವುಗಳಲ್ಲೆಲ್ಲ ಲೇಟೆಕ್ಸ್ ಇರಬಹುದು. ನೈಟ್ರೈಲ್ ಗ್ಲೌಸ್, ಸಿಲಿಕೋನ್ ಅಥವಾ ನೈಟ್ರೈಲ್ ಡ್ಯಾಮ್ ಸಿಗುತ್ತವೆ. ಮೊದಲೇ ತಿಳಿಸಿದರೆ ತರಿಸಿಡುತ್ತಾರೆ. ಪೆಟ್ಟಿಗೆ ಮೇಲೆ "ಹೈಪೋಅಲರ್ಜೆನಿಕ್" (ಅಲರ್ಜಿ ಕಡಿಮೆ) ಅಂತಿದ್ದರೆ ಲೇಟೆಕ್ಸ್ ಇಲ್ಲವೆಂದು ಅರ್ಥವಲ್ಲ. ಬೇರಿನೊಳಗೆ ತುಂಬುವ ಗಟ್ಟಾಪರ್ಚಾ ಬೇರೆ ಮರದ್ದು, ಅದರಿಂದ ತೊಂದರೆ ಬಹಳ ಅಪರೂಪ; ಆದರೂ ನಿಮ್ಮ ಅಲರ್ಜಿ ತೀವ್ರವಾದದ್ದಾಗಿದ್ದರೆ ಡಾಕ್ಟರಿಗೆ ನೆನಪಿಸಿ. ಮುಂಚೆಯೇ ಒಂದು ಸೆಟ್ರಿಜಿನ್ ನುಂಗಿ ಹೋದರೆ ಸಾಕೆಂದು ಕೆಲವರು ನಂಬಿದ್ದಾರೆ. ಅದು ತುರಿಕೆ ತಗ್ಗಿಸೀತು, ಉಸಿರು ಕಟ್ಟುವುದನ್ನು ತಡೆಯದು.

ಚಿಕಿತ್ಸೆಯ ನಡುವೆ ಗಂಟಲು ಬಿಗಿದಂತಾದರೆ ಸಂಕೋಚ ಬಿಟ್ಟು ಕೈ ಎತ್ತಿ ನಿಲ್ಲಿಸಿ. ಡಾಕ್ಟರು ರಬ್ಬರ್ ವಸ್ತುಗಳನ್ನು ತೆಗೆದು ಅಡ್ರಿನಲಿನ್ ಇಂಜೆಕ್ಷನ್ ಕೊಡಬೇಕು: ದೊಡ್ಡವರಿಗೆ 0.5 ಮಿಲಿಗ್ರಾಂ, ತೊಡೆಯ ಹೊರಬದಿಯ ಸ್ನಾಯುವಿಗೆ; ಸುಧಾರಿಸದಿದ್ದರೆ 5 ನಿಮಿಷದ ಮೇಲೆ ಮತ್ತೊಮ್ಮೆ. ಅಂಗಾತ ಮಲಗಿಸಿ ಕಾಲೆತ್ತಿಡಬೇಕು. ಉಬ್ಬಸ ಜೋರಿದ್ದವರನ್ನು ಕೂರಿಸಬಹುದು, ಆದರೆ ಎಬ್ಬಿಸಿ ನಡೆಸಕೂಡದು. 108ಕ್ಕೆ ಕರೆ ಆಗಲೇ ಹೋಗಿರಬೇಕು. ಇಂಜೆಕ್ಷನ್ನಿನಿಂದ ಹಗುರವೆನಿಸಿತೆಂದು ಮನೆಗೆ ಹೊರಡಬೇಡಿ. ಕೆಲವು ಗಂಟೆಗಳ ನಂತರ ಅದೇ ಲಕ್ಷಣ ಮರಳಬಹುದು, ಅಷ್ಟು ಹೊತ್ತು ಆಸ್ಪತ್ರೆಯಲ್ಲೇ ಇರಬೇಕು.