ಮುಚ್ಚಿದ ಹ್ಯಾಶ್‌ಟ್ಯಾಗು, ಬಾಯಿ ಬಿಡದ ಕಂಪನಿ

ನಮಸ್ಕಾರ. "ಈ ಹ್ಯಾಶ್‌ಟ್ಯಾಗ್ ಹಾಕಿದ್ರೆ ನಿಮ್ಮ ಅಕೌಂಟ್ ಕಥೆ ಮುಗೀತು" ಅನ್ನೋ ರೀಲ್ಸ್ ನೀವೂ ನೋಡಿರ್ತೀರಿ. ಹ್ಯಾಶ್‌ಟ್ಯಾಗ್ ಅಂದ್ರೆ, ಹುಡುಕಿದವರಿಗೆ ಪೋಸ್ಟ್ ಸಿಗಲಿ ಅಂತ # ಗುರುತು ಹಾಕಿ ಬರೆಯೋ ಪದ. ಆ ರೀಲ್ಸ್ ಹಿಂದೆ ಒಂದು ಉದ್ದನೆ ಪಟ್ಟಿ ಓಡ್ತಾ ಇರುತ್ತೆ. ಡೆಸ್ಕ್, ಆಲ್ವೇಸ್, ಅಲೋನ್, ಪುಷ್‌ಅಪ್ಸ್, ಕ್ಯಾನ್ಸಸ್. ಇವೆಲ್ಲ ನಿಷೇಧ ಅಂತೆ. ಯಾವಾಗ ಆಯ್ತು, ಯಾರು ಮಾಡಿದ್ರು, ಇವತ್ತಿಗೂ ಇದೆಯಾ, ಒಂದಕ್ಕೂ ಉತ್ತರ ಇರಲ್ಲ. ಸೇವ್ ಮಾಡ್ಕೊಳ್ಳಿ, ಶೇರ್ ಮಾಡಿ, ಅಷ್ಟೇ.

ಇವತ್ತು ನಾನು ಅಂಥ ಪಟ್ಟಿ ಕೊಡಲ್ಲ. ಈ ವಿಷಯದಲ್ಲಿ ನಾವು ಹೆದರ್ತಾ ಇರೋದು ಒಂದಕ್ಕೆ, ಕೇಳಬೇಕಾಗಿರೋದು ಇನ್ನೊಂದನ್ನ. ಅದನ್ನ ಹೇಳೋಕೆ ಈ ವಿಡಿಯೋ.

ಇನ್‌ಸ್ಟಾಗ್ರಾಂ ಮಾತೇ ತಗೊಳ್ಳೋಣ. ನಮ್ಮಲ್ಲಿ ಸಣ್ಣ ವ್ಯಾಪಾರ ಮಾಡೋರು, ಕಲಾವಿದರು ಹೆಚ್ಚಾಗಿ ಇರೋದು ಅಲ್ಲೇ. ಅಲ್ಲಿ ಕೆಲವು ಟ್ಯಾಗ್ ಪೂರ್ತಿ ಬಂದ್, ಹುಡುಕಿದ್ರೆ ಏನೂ ಸಿಗಲ್ಲ. 2012ರಲ್ಲಿ ಉಪವಾಸ ಬಿದ್ದು ಮೈ ಕರಗಿಸೋದನ್ನ ಹೊಗಳೋ ಥಿನ್‌ಸ್ಪಿರೇಷನ್, ಪ್ರೊಆನಾ ಅನ್ನೋ ಟ್ಯಾಗ್‌ಗಳನ್ನ ಹೀಗೆ ಮುಚ್ಚಿದ್ರು. ಸರಿಯಾಗೇ ಮಾಡಿದ್ರು. ಹದಿಹರೆಯದ ಹೆಣ್ಣುಮಕ್ಕಳ ಜೀವದ ಪ್ರಶ್ನೆ ಅದು. ಇನ್ನು ಕೆಲವು ಅರ್ಧ ಬಂದ್. ಒಂದಷ್ಟು ಪೋಸ್ಟ್ ಮಾತ್ರ ಕಾಣುತ್ತೆ, ಉಳಿದಿದ್ದು ಮರೆ. "ದೂರು ಬಂದಿದೆ, ಅದಕ್ಕೆ ಮರೆ ಮಾಡಿದೀವಿ" ಅನ್ನೋ ಅರ್ಥದ ಒಂದು ಸಾಲು ಇರುತ್ತೆ. ಆ ಸಾಲು ಯಾರಿಗೆ ಕಾಣುತ್ತೆ? ಆ ಟ್ಯಾಗ್ ಹುಡುಕಿಕೊಂಡು ಹೋದೋರಿಗೆ. ಪೋಸ್ಟ್ ಹಾಕೋರಿಗೆ ಏನೂ ಗೊತ್ತಾಗಲ್ಲ. ಅವರ ಕ್ಯಾಪ್ಷನ್‌ನಲ್ಲಿ ಆ ಟ್ಯಾಗು ಉಳಿದವುಗಳ ಥರಾನೇ ನೀಲಿ ಬಣ್ಣದಲ್ಲಿ ಕೂತಿರುತ್ತೆ. ಸಂತೆಯಲ್ಲಿ ನಿಮ್ಮ ಅಂಗಡಿಗೆ ಬರೋ ದಾರಿಗೆ ಬೇಲಿ ಹಾಕಿ, ನಿಮಗೊಂದು ಮಾತು ಹೇಳದೇ ಹೋದ ಹಾಗೆ.

ಏನೂ ತಪ್ಪಿಲ್ಲದ ಪದ ಯಾಕೆ ಮುಚ್ಚಿಹೋಗುತ್ತೆ ಅಂದ್ರೆ, ಜನ ಎಲ್ಲಿ ಜಾಸ್ತಿ ಓಡಾಡ್ತಾರೋ ಅಲ್ಲೇ ಕೆಟ್ಟದ್ದನ್ನ ಸುರಿಯೋರೂ ಬರ್ತಾರೆ. ಅಶ್ಲೀಲ ಮಾರೋರು, ನಕಲಿ ಅಕೌಂಟ್ ನಡೆಸೋರು ಹುಡುಕೋದೇ ಸಾಧಾರಣ, ಜನಪ್ರಿಯ ಪದಗಳನ್ನ. ಒಂದು ಮಟ್ಟ ದಾಟಿದ ಮೇಲೆ ಕಂಪನಿ ಇಡೀ ಟ್ಯಾಗನ್ನೇ ಮುಚ್ಚುತ್ತೆ. 2015ರಲ್ಲಿ ಎಮೋಜಿಗೂ ಹ್ಯಾಶ್ ಹಾಕಬಹುದು ಅಂತ ಮಾಡಿದ್ರು. ಆಗಲೇ ಬದನೆಕಾಯಿ ಎಮೋಜಿಯ ಹುಡುಕಾಟ ಬಂದ್ ಆಯ್ತು, ಅದಕ್ಕೆ ಅಶ್ಲೀಲ ಅರ್ಥ ಅಂಟಿಕೊಂಡಿತ್ತು. ಉಡುಪಿಯ ಮಟ್ಟು ಗುಳ್ಳ ಬೆಳೆಯೋರು, ಎಣ್ಣೆಗಾಯಿ ಮಾಡಿ ತೋರಿಸೋರು ಅದನ್ನ ಹಾಕಿದ್ರೆ ಅವರೂ ಆ ಬಲೆಯೊಳಗೇ. ಅದೇ ವರ್ಷ ಜುಲೈನಲ್ಲಿ ಕರ್ವಿ, ಅಂದ್ರೆ ಮೈತುಂಬಿದ, ಅನ್ನೋ ಟ್ಯಾಗ್ ಹೋಯ್ತು. ತಮ್ಮ ಮೈಯನ್ನ ನಾಚಿಕೆ ಇಲ್ಲದೆ ಒಪ್ಪಿಕೊಂಡ ಹೆಂಗಸರು ಪ್ರೀತಿಯಿಂದ ಬಳಸ್ತಾ ಇದ್ದ ಪದ ಅದು. ಅವರು ಗಲಾಟೆ ಮಾಡಿದ ಮೇಲೆ ವಾಪಸ್ ಬಂತು. 2019ರಲ್ಲಿ ಪೋಲ್ ಡಾನ್ಸ್ ಮಾಡೋರ ಟ್ಯಾಗ್‌ಗಳಿಗೆ ಇದೇ ಗತಿ. ವರ್ಷಗಟ್ಟಲೆ ಅಭ್ಯಾಸ ಮಾಡಿದ ಕಸರತ್ತನ್ನ ಅಶ್ಲೀಲದ ಸಾಲಿಗೆ ಸೇರಿಸಿದ್ರು. ಅವರೂ ಸಹಿ ಸಂಗ್ರಹ ಮಾಡಿ, ಕಂಪನಿಯಿಂದ ಕ್ಷಮೆ ಕೇಳಿಸಿಕೊಂಡ್ರು.

ನನ್ನನ್ನ ಅತಿ ಹೆಚ್ಚು ಕಾಡೋದು ನಮ್ಮ ದೇಶಕ್ಕೇ ಸಂಬಂಧಪಟ್ಟ ಒಂದು ಪ್ರಕರಣ. 2020ರ ಜೂನ್ ಮೊದಲ ವಾರ. ಸಿಖ್ಖರು ಜಗತ್ತಿನಾದ್ಯಂತ 1984ರಲ್ಲಿ ಅಮೃತಸರದ ಸ್ವರ್ಣಮಂದಿರದೊಳಗೆ ಸೇನೆ ನುಗ್ಗಿದ ಘಟನೆಯನ್ನ ನೆನಪು ಮಾಡಿಕೊಳ್ಳೋ ಸಮಯ. ಆಗ ಗೊತ್ತಾಯ್ತು, ಇನ್‌ಸ್ಟಾಗ್ರಾಂನಲ್ಲಿ, ಫೇಸ್‌ಬುಕ್‌ನಲ್ಲಿ ಸಿಖ್ ಅನ್ನೋ ಟ್ಯಾಗೇ ಬಂದ್ ಆಗಿದೆ ಅಂತ. ಒಂದು ಇಡೀ ಧರ್ಮದ ಹೆಸರು! ಜನ ದನಿ ಎತ್ತಿದ ಮೇಲೆ ತೆಗೆದ್ರು. ಆಮೇಲೆ ಕಂಪನಿ ಕೊಟ್ಟ ವಿವರಣೆ ಏನು ಗೊತ್ತಾ? ಮಾರ್ಚ್ 7ಕ್ಕೆ ಬಂದಿದ್ದ ಒಂದು ದೂರನ್ನ ತಮ್ಮ ಸಿಬ್ಬಂದಿ ತಪ್ಪಾಗಿ ಪರಿಶೀಲಿಸಿದ್ರು, ಹಾಗಾಗಿ ಮುಚ್ಚಿಹೋಯ್ತು ಅಂತ. ಮಾರ್ಚ್ 7ರಿಂದ ಜೂನ್ 3ರ ತನಕ, ಹತ್ತಿರ ಹತ್ತಿರ ಮೂರು ತಿಂಗಳು. ಆ ಮೂರು ತಿಂಗಳು ಯಾವುದು ನೆನಪು ಮಾಡ್ಕೊಳ್ಳಿ. ಲಾಕ್‌ಡೌನ್. ಗುರುದ್ವಾರಗಳಲ್ಲಿ ಹಗಲು ರಾತ್ರಿ ಲಂಗರ್ ನಡೆಸಿ, ಹಸಿದ ವಲಸೆ ಕಾರ್ಮಿಕರಿಗೆ ಊಟ ಹಾಕ್ತಾ ಇದ್ದ ಕಾಲ. ಆ ಫೋಟೋಗಳಿಗೆ ಅದೇ ಟ್ಯಾಗ್ ಹಾಕಿದ ಅದೆಷ್ಟೋ ಜನರಿಗೆ, ಅದು ಮುಚ್ಚಿದೆ ಅಂತ ಒಂದೇ ಒಂದು ಸಂದೇಶ ಹೋಗಿದ್ದಿದ್ರೆ, ಆ ತಪ್ಪು ಮಾರ್ಚ್ 8ಕ್ಕೇ ಸರಿಹೋಗ್ತಿತ್ತು.

ಮಾರನೇ ವರ್ಷ, 2021ರ ಮೇ ತಿಂಗಳಲ್ಲಿ, ಜೆರುಸಲೇಮಿನ ಅಲ್‌ಅಕ್ಸಾ ಮಸೀದಿಯ ಹೆಸರಿನ ಟ್ಯಾಗು ಮರೆಯಾಯ್ತು. ಅಮೆರಿಕದ ಖಜಾನೆ ಇಲಾಖೆಯ ಪಟ್ಟಿಯಲ್ಲಿ ಅಲ್‌ಅಕ್ಸಾ ಬ್ರಿಗೇಡ್ ಅನ್ನೋ ಪ್ಯಾಲೆಸ್ತೀನಿನ ಸಶಸ್ತ್ರ ಗುಂಪಿನ ಹೆಸರಿತ್ತು. ಹೊರಗುತ್ತಿಗೆ ಕಂಪನಿಯ ಉದ್ಯೋಗಿಯೊಬ್ಬರು ಅದರಿಂದ ಪದ ಎತ್ತಿಕೊಂಡು ತಡೆಪಟ್ಟಿಗೆ ಸೇರಿಸಿದ್ರು. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಎರಡರ ಒಡೆಯ ಮೆಟಾ ಕಂಪನಿಯೇ ಮಾಡಿಸಿದ, 2022ರಲ್ಲಿ ಹೊರಬಂದ ವರದಿಯಲ್ಲಿ ಇದು ಇದೆ. ಅದೇ 2021ರ ಏಪ್ರಿಲ್‌ನಲ್ಲಿ, ನಮ್ಮಲ್ಲಿ ಕೋವಿಡ್ ಎರಡನೇ ಅಲೆ ಮನೆ ಮನೆ ಸುಡ್ತಾ ಇದ್ದಾಗ, ಪ್ರಧಾನಿ ರಾಜೀನಾಮೆ ಕೇಳೋ ಹ್ಯಾಶ್‌ಟ್ಯಾಗನ್ನ ಫೇಸ್‌ಬುಕ್ ಕೆಲವು ಗಂಟೆ ಮುಚ್ಚಿತ್ತು. ತಪ್ಪಾಗಿ ಆಯ್ತು, ಸರ್ಕಾರ ಹೇಳಿದ್ದಕ್ಕಲ್ಲ ಅಂತು. ನಿಮ್ಮ ರಾಜಕೀಯ ಯಾವುದೇ ಇರಲಿ, ಒಂದು ಮಾತು ಒಪ್ತೀರಿ ಅಂದ್ಕೊಂಡಿದೀನಿ: ಪ್ರತಿ ಸಲ ತಪ್ಪು ಹೊರಗೆ ಬಂದಿದ್ದು ಜನ ಕೂಗಿದ್ದಕ್ಕೆ. ಕೂಗೋಕೆ ಶಕ್ತಿ ಇಲ್ಲದವರ ಟ್ಯಾಗ್ ಮುಚ್ಚಿದ್ರೆ?

ಈಗ ನಮ್ಮ ಕೈಯಲ್ಲಿ ಏನಿದೆ ಅನ್ನೋದಕ್ಕೆ ಬರ್ತೀನಿ. ನನಗೆ ಪರಿಚಯದ ಒಬ್ಬರು ಅಕ್ಕ ಇದಾರೆ, ಮನೆಯಿಂದಲೇ ಇಳಕಲ್ ಸೀರೆ ಮಾರ್ತಾರೆ. ಪೋಸ್ಟ್ ಯಾರಿಗೂ ಹೋಗ್ತಾ ಇಲ್ಲ ಅಂತ ಫೋನ್ ಕೊಟ್ಟು ನೋಡಿ ಅಂದ್ರು. ಫೋಟೋ ಎಷ್ಟು ಚೆನ್ನಾಗಿತ್ತು ಅಂತೀರಿ! ಕೆಂಪು ತೋಪು ತೆನೆ ಸೆರಗು, ಚಿಕ್ಕಿ ಪರಾಸ ದಡಿ, ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಸೇರಿಸಿದ ಜಾಗ ಕೂಡ ಹತ್ತಿರದಿಂದ ಕಾಣ್ತಿತ್ತು. ಕೆಳಗೆ ನೋಡಿದ್ರೆ ಎಲ್ಲಿಂದಲೋ ಕಾಪಿ ಮಾಡಿ ಅಂಟಿಸಿದ ಟ್ಯಾಗ್‌ಗಳ ರಾಶಿ. ಲೈಕ್‌ಫಾರ್‌ಲೈಕ್, ಫಾಲೋಫಾರ್‌ಫಾಲೋ, ಇನ್‌ಸ್ಟಾಗುಡ್, ವೈರಲ್. "ಎಲ್ಲಾರೂ ಹಾಕ್ತಾರಲ್ರಿ, ಅದಕ್ಕ ನಾನೂ ಹಾಕೇನಿ" ಅಂದ್ರು. ಇಷ್ಟೆಲ್ಲಾ ಟ್ಯಾಗ್ ಇದ್ರೂ ಇಳಕಲ್ ಅನ್ನೋದು ಒಂದರಲ್ಲೂ ಇರಲಿಲ್ಲ.

ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಟ್ಯಾಗ್ ಹಾಕೋ ಮುಂಚೆ ಆ್ಯಪ್‌ನಲ್ಲೇ ಹುಡುಕಿ. ಖಾಲಿ ಬಂತಾ, ಮರೆ ಮಾಡಿದೀವಿ ಅನ್ನೋ ಸಾಲು ಬಂತಾ, ಬಿಟ್ಟುಬಿಡಿ. ಪೋಸ್ಟ್ ತುಂಬಾ ಬಂದ್ರೆ ಅವು ನಿಮ್ಮ ವಸ್ತುವಿನ ಪಕ್ಕ ಕೂರೋಕೆ ಯೋಗ್ಯವಾ ನೋಡಿ. ಅಂತರ್ಜಾಲದ ಪಟ್ಟಿಗಿಂತ ಇದು ನಂಬಿಕಸ್ಥ, ಯಾಕಂದ್ರೆ ಇವತ್ತಿನ ಸ್ಥಿತಿ ಕಾಣುತ್ತೆ. ಪಟ್ಟಿಯಲ್ಲಿರೋ ಪದ ಎಂದೋ ಮುಚ್ಚಿ ಎಂದೋ ತೆರೆದಿರಬಹುದು. ಆಮೇಲೆ ರಾಶಿ ಬೇಡ. 2021ರಲ್ಲಿ ಇನ್‌ಸ್ಟಾಗ್ರಾಂನ ಕ್ರಿಯೇಟರ್ಸ್ ಖಾತೆಯೇ ಮೂರರಿಂದ ಐದು ಸಾಕು ಅಂತ ಹೇಳ್ತು. ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸ್ಸೆರಿ, ಹ್ಯಾಶ್‌ಟ್ಯಾಗ್‌ನಿಂದ ರೀಚ್, ಅಂದ್ರೆ ಪೋಸ್ಟ್ ತಲುಪೋ ಜನರ ಸಂಖ್ಯೆ, ಅಂಥದ್ದೇನೂ ಏರಲ್ಲ ಅಂತ ಮತ್ತೆ ಮತ್ತೆ ಹೇಳಿದಾರೆ. ಹಾಗಿದ್ರೂ ಟ್ಯಾಗ್ ಯಾಕೆ ಬೇಕು? ನಿಮ್ಮ ಪೋಸ್ಟ್ ಯಾವುದರ ಬಗ್ಗೆ ಅಂತ ತಿಳಿಸೋಕೆ, ಹುಡುಕಿದವರಿಗೆ ಸಿಗೋಕೆ. ಇಳಕಲ್‌ಸೀರೆ, ಕೈಮಗ್ಗ, ಕಸೂತಿ, ಬಾಗಲಕೋಟೆ. ಕನ್ನಡದಲ್ಲೇ ಬರೀರಿ, ಜೊತೆಗೆ ಇಂಗ್ಲಿಷ್‌ನಲ್ಲಿ ಒಂದೋ ಎರಡೋ. ಕಸ ಸುರಿಯೋರು ಇನ್ನೂ ಮುತ್ತಿಕೊಳ್ಳದ ಜಾಗ ಅವು.

ರೀಚ್ ಬಿದ್ದ ಕೂಡಲೇ ಟ್ಯಾಗ್ ಮೇಲೆ ಗೂಬೆ ಕೂರಿಸಬೇಡಿ. ಒಂದು ಟ್ಯಾಗಿನಿಂದ ಇಡೀ ಅಕೌಂಟ್ ಮುಳುಗುತ್ತೆ ಅನ್ನೋರು ಪುರಾವೆ ಕೊಟ್ಟಿದ್ದನ್ನ ನಾನು ಕಂಡಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ ಸ್ಟೇಟಸ್ ಅಂತ ಇದೆ. 2022ರ ಡಿಸೆಂಬರ್‌ನಿಂದ, ನಿಮ್ಮ ಪೋಸ್ಟ್‌ಗಳನ್ನ ನಿಮ್ಮನ್ನ ಫಾಲೋ ಮಾಡದವರಿಗೆ ಶಿಫಾರಸು ಮಾಡ್ತಾರಾ ಇಲ್ಲವಾ ಅನ್ನೋದು ಅಲ್ಲಿ ಗೊತ್ತಾಗುತ್ತೆ, ಮೇಲ್ಮನವಿಗೂ ಅವಕಾಶ ಇದೆ. ಒಂದೇ ವಾರದಲ್ಲಿ ತೂಕ ಇಳಿಸೋ ಪವಾಡದ ಪುಡಿ, ಬೇರೆಯವರ ವಿಡಿಯೋ ಎತ್ತಿ ಹಾಕೋದು, ಇಂಥದ್ದಕ್ಕೆ ಶಿಫಾರಸು ನಿಲ್ಲುತ್ತೆ ಅಂತ ಕಂಪನಿಯೇ ಬರೆದು ಹೇಳಿದೆ.

ಇನ್ನೊಂದು ಮಾತು, ಇದು ನನಗೆ ಸಂಕಟ ಕೊಡೋ ವಿಷಯ. ಈ ಭಯದಿಂದ ನಮ್ಮವರು ಪದಗಳನ್ನೇ ಮುರೀತಾ ಇದಾರೆ. ಆತ್ಮಹತ್ಯೆ, ಅತ್ಯಾಚಾರ, ಕೊಲೆ ಅನ್ನೋ ಪದಗಳ ನಡುವೆ ನಕ್ಷತ್ರ. ಜಾಗೃತಿ ಮೂಡಿಸೋ ಪೋಸ್ಟ್‌ನಲ್ಲೂ ಹಾಗೇ. ರಾತ್ರಿ ಒಬ್ಬರೇ ಕೂತು ಸಹಾಯ ಹುಡುಕೋ ಮನುಷ್ಯ ನಕ್ಷತ್ರ ಹಾಕಿ ಹುಡುಕಲ್ಲ. ಹಾಗಾಗಿ ನೀವು ಯಾರಿಗೋಸ್ಕರ ಬರೆದ್ರೋ ಅವರ ಕೈಗೇ ಆ ಪೋಸ್ಟ್ ಸಿಗದೇ ಹೋಗಬಹುದು.

ಹಾಗಾದ್ರೆ ಕೇಳಬೇಕಾಗಿರೋದು ಏನು? ನಮ್ಮ 2021ರ ಐಟಿ ನಿಯಮಗಳ ಪ್ರಕಾರ, 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರೋ ಸೋಷಿಯಲ್ ಮೀಡಿಯಾ ಕಂಪನಿ ತಾನಾಗೇ ನಿಮ್ಮ ಪೋಸ್ಟ್ ತೆಗೆಯೋ ಅಥವಾ ಅದಕ್ಕೆ ಪ್ರವೇಶ ತಡೆಯೋ ಮುಂಚೆ ಕಾರಣ ತಿಳಿಸಬೇಕು, ನಿಮ್ಮ ಮಾತು ಕೇಳಬೇಕು. 4ನೇ ನಿಯಮದಲ್ಲಿದೆ. ಆದ್ರೆ ಅಲ್ಲಿರೋದು ತೆಗೆಯೋದರ, ಪ್ರವೇಶ ತಡೆಯೋದರ ಮಾತು. ತೆಗೆಯದೇ ಮರೆ ಮಾಡೋದು, ಹುಡುಕಿದ್ರೂ ಸಿಗದ ಹಾಗೆ ಮಾಡೋದು, ಅದರ ಹೆಸರೇ ಅಲ್ಲಿಲ್ಲ. ಯುರೋಪಿನಲ್ಲಿ 2022ರ ಡಿಜಿಟಲ್ ಸರ್ವಿಸಸ್ ಆಕ್ಟ್‌ನ 17ನೇ ವಿಧಿ ನೋಡಿ. ಪೋಸ್ಟ್ ಕಾಣಿಸೋದನ್ನ ಕಡಿಮೆ ಮಾಡಿದ್ರೂ, ಕೆಳಗೆ ತಳ್ಳಿದ್ರೂ ಹಾಕಿದವರಿಗೆ ಕಾರಣ ಕೊಡಬೇಕು ಅಂತ ಸ್ಪಷ್ಟವಾಗಿ ಬರೆದಿದೆ. ಅದೇ ಆ್ಯಪು, ಅದೇ ಕಂಪನಿ. ಪ್ಯಾರಿಸ್‌ನ ಅಂಗಡಿಯವರಿಗೆ ಇರೋ ಹಕ್ಕು ಇಳಕಲ್‌ನ ಅಕ್ಕನಿಗೆ ಯಾಕಿಲ್ಲ?

ಹ್ಯಾಶ್‌ಟ್ಯಾಗ್ ಟೈಪ್ ಮಾಡುವಾಗಲೇ "ಇದು ಸದ್ಯಕ್ಕೆ ಮುಚ್ಚಿದೆ, ಕಾರಣ ಇದು" ಅಂತ ಕನ್ನಡದಲ್ಲಿ ತೋರಿಸಲಿ. ಟೈಪ್ ಮಾಡೋ ಮುಂಚೆ ನನಗೇನು ಬೇಕು ಅಂತ ಊಹಿಸಿ ಪದ ಸೂಚಿಸೋ ಆ್ಯಪ್‌ಗೆ ಇದು ಕಷ್ಟದ ಕೆಲಸ ಅಂದ್ರೆ ನಾನು ಒಪ್ಪಲ್ಲ. ನಿಮ್ಮ ಕಸುಬಿನ, ನಿಮ್ಮ ಊರಿನ ಟ್ಯಾಗ್ ಮುಚ್ಚಿರೋದು ಕಂಡ್ರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಆ್ಯಪ್‌ನಲ್ಲಿ ದೂರು ಕೊಡಿ, ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೀರಿ. ಅವರ ಉತ್ತರ ಸಮಾಧಾನ ಕೊಡದಿದ್ರೆ, 2023ರಲ್ಲಿ ಕೇಂದ್ರ ಸರ್ಕಾರ ರಚಿಸಿದ ಮೇಲ್ಮನವಿ ಸಮಿತಿಗಳಿವೆ, 30 ದಿನದೊಳಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಐಟಿ ನಿಯಮಗಳ ತಿದ್ದುಪಡಿಗೆ ಸಚಿವಾಲಯ ಕರಡು ಬಿಟ್ಟು ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ, ಮರೆ ಮಾಡೋದಕ್ಕೂ ಕಾರಣ ಕೊಡಬೇಕು ಅನ್ನೋ ಸಾಲು ಸೇರಿಸಿ ಅಂತ ನಾನು ಬರೆದು ಕಳಿಸ್ತೀನಿ. ನೀವೂ ಕಳಿಸಿ.